ಸಹಾಯ ಬೇಕು: ಸ್ಪ್ಯಾನಿಷ್‌ನಲ್ಲಿ ‘ಇಂಥವರ ಎದುರು ಸೋತರು’ ಎನ್ನುವುದು ಹೇಗೆ?

ನಮಸ್ಕಾರ. ಊರು ಧಾರವಾಡ, ಈಗ ಇರುವುದು ಪುಣೆಯ ಚಿಂಚವಾಡದಲ್ಲಿ. ಡೆಲೆ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆಯ ಎ2 ಹಂತಕ್ಕೆ ಓದುತ್ತಿದ್ದೇನೆ. ಸೋಲಿನ ಪದಗಳಿಗೆ ಬಂದು ಎರಡು ವಾರದಿಂದ ನಿಂತಲ್ಲೇ ನಿಂತಿದ್ದೇನೆ.

ನಮಗೆ ಪಂದ್ಯ ಸೋಲುವುದು ಬೇರೆ, ಕೀಲಿಕೈ ಕಳೆಯುವುದು ಬೇರೆ, ರೈಲು ತಪ್ಪುವುದು ಬೇರೆ. ಅವರಿಗೆ ಮೂರಕ್ಕೂ ‘ಪೆರ್ದೆರ್’ ಒಂದೇ! ‘ಪೆರ್ದೀ ಎಲ್ ಪಾರ್ತಿದೊ’, ‘ಪೆರ್ದೀ ಲಾಸ್ ಯಾವೆಸ್’, ‘ಪೆರ್ದೀ ಎಲ್ ತ್ರೆನ್’ ಎಂದು ಒಂದೇ ಪುಟದಲ್ಲಿ ಬರೆದುಕೊಂಡು, ಲೋಕಲ್‌ನಲ್ಲಿ ಶಿವಾಜಿನಗರ ಬರುವವರೆಗೆ ಬಾಯಿಪಾಠ ಮಾಡಿದೆ. ಅದು ತಲೆಯಲ್ಲಿ ಕೂತಿತು.

ತೊಡಕು ‘ದೆರ್ರೊತಾರ್’ನಿಂದ ಶುರುವಾಯಿತು. ಅದು ಸೋಲಿಸುವುದು, ಸೋಲುವುದಲ್ಲ. ನಮ್ಮಲ್ಲಿ ‘ಸೋಲು’ ಪದಕ್ಕೆ ‘ಇಸು’ ಹಚ್ಚಿದರೆ ಮುಗಿಯಿತು, ಅಲ್ಲಿ ಧಾತುವೇ ಬೇರೆ. 2010ರ ವಿಶ್ವಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ನೆದರ್ಲೆಂಡ್ಸ್ ಸ್ಪೇನ್ ಎದುರು 0-1ರಿಂದ ಸೋತದ್ದನ್ನು ‘ಒಲಾಂದಾ ದೆರ್ರೊತೊ’ ಎಂದು ಬರೆದೆ. ಅರ್ಥ ಪೂರ್ತಿ ತಲೆಕೆಳಗಾಯಿತು. ಈಗ ‘ಪೆರ್ದಿಯೊ’ ಎಂದು ತಿದ್ದಿದ್ದೇನೆ. ಆದರೆ ‘ಎದುರು’ ಎನ್ನಲು ನಿಘಂಟಿನಲ್ಲಿ ‘ಕೊಂತ್ರಾ’, ‘ಆಂತೆ’ ಎರಡೂ ಇವೆ.

ಬಲ್ಲವರು ದಯವಿಟ್ಟು ತಿಳಿಸಿ: ಮೌಖಿಕ ಪರೀಕ್ಷೆಯಲ್ಲಿ ‘ಪೆರ್ದಿಯೊ ಕೊಂತ್ರಾ ಎಸ್ಪಾನ್ಯಾ’ ಎನ್ನಬೇಕೇ, ‘ಆಂತೆ ಎಸ್ಪಾನ್ಯಾ’ ಎನ್ನಬೇಕೇ? ‘ಆಂತೆ’ ಬರೀ ಪತ್ರಿಕೆಯ ಭಾಷೆಯೇ?