ಸೈನಿಕರ ಆರೋಗ್ಯದ ಅಧ್ಯಯನಗಳು: ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ, ಹೇಗೆ ಓದುವುದು?

ಬಿಳಿಹಾಳೆ:
ಸೇವೆಯಲ್ಲಿರುವ ಸೈನಿಕರು ಮತ್ತು ಮಾಜಿ ಸೈನಿಕರ ಆರೋಗ್ಯದ ಕುರಿತ ಸಂಶೋಧನೆಗಳನ್ನು ಒಟ್ಟುಹಾಕಿ ಒಂದು ಸಮೀಕ್ಷೆ ಬರೆಯಬೇಕಿದೆ. ಎರಡು ಕಡೆ ಗಂಟು ಬಿದ್ದಿದೆ. ಯುದ್ಧಕ್ಕೆ ಹೋಗಿ ಬಂದವರ ಮರಣ ಪ್ರಮಾಣ ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಕಡಿಮೆ ಅಂತ ಪ್ರಬಂಧಗಳಲ್ಲಿದೆ. ಹಾಗಾದರೆ ಯುದ್ಧದಿಂದ ದೀರ್ಘಕಾಲದ ಹಾನಿಯಿಲ್ಲ ಅಂತ ಬರೆಯಬಹುದೇ? ಇನ್ನೊಂದು, ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕನ್ ಪುರುಷರಲ್ಲಿ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಒತ್ತಡದ ಕಾಯಿಲೆ) ಒಂದು ಕಡೆ ಶೇ 30.9, ಮತ್ತೊಂದು ಕಡೆ ಶೇ 18.7. ಇರಾಕ್‌ಗೆ ಹೋದ ಬ್ರಿಟಿಷ್ ಸೈನಿಕರಲ್ಲಿ ಶೇ 4ರ ಆಸುಪಾಸು. ಇವನ್ನೆಲ್ಲ ಒಂದೇ ಕೋಷ್ಟಕಕ್ಕೆ ಹಾಕಿ ಸರಾಸರಿ ತೆಗೆಯಬಹುದೇ?

ತಾಳೆಪಟ್ಟಿ:
ಮೊದಲ ಪ್ರಶ್ನೆಗೆ: ದಯವಿಟ್ಟು ಹಾಗೆ ಬರೆಯಬೇಡಿ. ಸೇನೆಗೆ ಸೇರುವಾಗಲೇ ಕಾಯಿಲೆ ಇರುವವರನ್ನು ಜರಡಿ ಹಿಡಿದು ಹೊರಗಿಟ್ಟಿರುತ್ತಾರೆ. ಸೇರಿದ ಮೇಲೆ ನಿತ್ಯ ಕಸರತ್ತು, ನಿಯಮಿತ ತಪಾಸಣೆ. ಇಂಥವರನ್ನು ಎಲ್ಲ ಬಗೆಯ ಜನರ ಪಕ್ಕ ನಿಲ್ಲಿಸಿದರೆ ಸೈನಿಕರೇ ಗಟ್ಟಿಯಾಗಿ ಕಾಣುತ್ತಾರೆ. ಇದಕ್ಕೆ ‘ಆರೋಗ್ಯವಂತ ಸೈನಿಕ ಪರಿಣಾಮ’ ಅನ್ನುತ್ತಾರೆ.

1996ರಲ್ಲಿ ಪ್ರಕಟವಾದ, 1991ರ ಕೊಲ್ಲಿ ಯುದ್ಧದ ಮರಣ ಅಧ್ಯಯನ ನೋಡಿ, ವಿಷಯ ಕಣ್ಣಿಗೆ ಕಟ್ಟುತ್ತದೆ. ಅಮೆರಿಕದ ಸೇನೆಯಿಂದ ಕೊಲ್ಲಿಗೆ ಹೋದ ಸುಮಾರು 6.95 ಲಕ್ಷ ಮಂದಿ, ಅದೇ ಕಾಲದಲ್ಲಿ ಸೇವೆಯಲ್ಲಿದ್ದೂ ಅಲ್ಲಿಗೆ ಹೋಗದ 7.46 ಲಕ್ಷ ಮಂದಿ. ಸಾಮಾನ್ಯ ಜನರ ಮರಣ ಪ್ರಮಾಣವನ್ನು 1 ಅಂತಿಟ್ಟುಕೊಂಡರೆ ಹೋದವರದು 0.44, ಹೋಗದವರದು 0.38. ಬರೀ ಮೊದಲ ಸಂಖ್ಯೆ ನೋಡಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ವಯಸ್ಸು ಮೊದಲಾದ ವ್ಯತ್ಯಾಸಗಳನ್ನು ಸರಿದೂಗಿಸಿ ಹೋದವರನ್ನು ಹೋಗದವರ ಜೊತೆ ಹೋಲಿಸಿದಾಗ ಮಾತ್ರ ಅನುಪಾತ 1.09ಕ್ಕೆ ಏರುತ್ತದೆ. ಆ ಹೆಚ್ಚಳ ಬಂದದ್ದು ಕಾಯಿಲೆಗಳಿಂದಲ್ಲ, ಬಹುಪಾಲು ಅಪಘಾತಗಳಿಂದ. ವಾಹನ ಅಪಘಾತದ ಅನುಪಾತ 1.31. ಆದರೆ ಅವರನ್ನು ಗಮನಿಸಿದ್ದು 1993ರ ಸೆಪ್ಟೆಂಬರ್‌ವರೆಗೆ ಮಾತ್ರ. ಕ್ಯಾನ್ಸರ್‌ನಂಥದ್ದು ಹೊರಬೀಳಲು ಎರಡು ಚಿಲ್ಲರೆ ವರ್ಷ ಸಾಲದು. ‘ಕಾಯಿಲೆಯಿಂದ ಹೆಚ್ಚಳವಿಲ್ಲ’ ಎಂಬ ಮಾತನ್ನು ಆ ಅವಧಿಗಷ್ಟೇ ಸೀಮಿತಗೊಳಿಸಿ ಬರೆಯಿರಿ.

ಹಾಗಂತ ಹೋಗದವರೂ ಪೂರ್ತಿ ನ್ಯಾಯವಾದ ಹೋಲಿಕೆಯಲ್ಲ. ಮಂಡಿನೋವು, ಖಿನ್ನತೆ, ಶಸ್ತ್ರಚಿಕಿತ್ಸೆ ಅಂತ ತಂಡದಿಂದ ಉಳಿದುಕೊಂಡವರು ಆ ಗುಂಪಿನಲ್ಲೇ ಇರುತ್ತಾರೆ. ಆದ್ದರಿಂದ ಯುದ್ಧಕ್ಕೆ ಹೋಗುವ ಮೊದಲಿನ ಆರೋಗ್ಯವನ್ನೂ ಅಳೆದಿರುವ ಅಧ್ಯಯನಗಳಿಗೆ ಹೆಚ್ಚು ತೂಕ ಕೊಡಿ. ಅಮೆರಿಕದ ಮಿಲೆನಿಯಂ ಕೋಹಾರ್ಟ್ (ಒಂದೇ ಗುಂಪನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ) ಶುರುವಾದದ್ದು 2001ರಲ್ಲಿ, ಅಫ್ಘಾನಿಸ್ತಾನ, ಇರಾಕ್ ಯುದ್ಧಗಳಿಗಿಂತ ಮೊದಲು. ಮೊದಲ ತಂಡದಲ್ಲೇ ಸುಮಾರು 77 ಸಾವಿರ ಮಂದಿ. ಅದರ ಬೆಲೆ ಇರುವುದೇ ಅಲ್ಲಿ.

ಅಳತೆಕೋಲು:
ಪಿಟಿಎಸ್‌ಡಿ ಅಂಕಿಗಳ ಸರಾಸರಿ ತೆಗೆಯಲೇಬೇಡಿ. ವಿಯೆಟ್ನಾಂನ 30.9 ಮತ್ತು 18.7 ಎರಡೂ ಒಂದೇ ಸಮೀಕ್ಷೆಯವು! ಮೊದಲನೆಯದು 1980ರ ದಶಕದ ಮೂಲ ಲೆಕ್ಕ, ಜೀವಮಾನದಲ್ಲಿ ಎಂದಾದರೂ ಬಂದದ್ದು. 2006ರ ಮರುವಿಶ್ಲೇಷಣೆಯಲ್ಲಿ ಸೇನಾ ದಾಖಲೆಗಳನ್ನು ಹೋಲಿಸಿ, ದಿನನಿತ್ಯದ ಬದುಕಿಗೆ ಅಡ್ಡಿಯಾದದ್ದನ್ನೂ ಪರಿಗಣಿಸಿ ಎಣಿಸಿದಾಗ 18.7ಕ್ಕೆ ಇಳಿಯಿತು. ‘ಸದ್ಯ ಇದೆ’ ಎನ್ನುವ ಅಂಕಿಯೂ 15.2ರಿಂದ 9.1ಕ್ಕೆ ಬಂತು. ಯೋಧರು ಸುಳ್ಳು ಹೇಳಿದರು ಅಂತ ಇದನ್ನು ಓದಬಾರದು. ದಾಖಲೆಗಳು ಬಹುಮಟ್ಟಿಗೆ ಅವರ ಮಾತನ್ನೇ ಬೆಂಬಲಿಸಿದವು.

ಪ್ರಶ್ನಾವಳಿಯದೂ ಇದೇ ಕಥೆ. ಪಿಟಿಎಸ್‌ಡಿ ಲಕ್ಷಣಗಳನ್ನು ಅಳೆಯುವ ಪ್ರಶ್ನಾವಳಿ ಪಿಸಿಎಲ್. ಅದರ ಹಳೆಯ ಆವೃತ್ತಿಯಲ್ಲಿ 17 ಪ್ರಶ್ನೆ, ಅಂಕ 17ರಿಂದ 85. ಬ್ರಿಟಿಷ್ ಅಧ್ಯಯನಗಳು 50ಕ್ಕೆ ಗೆರೆ ಎಳೆದವು, ಅಂದರೆ ಅಷ್ಟು ಅಂಕ ಬಂದರೆ ಪಿಟಿಎಸ್‌ಡಿ ಇರಬಹುದು ಅಂತ ಎಣಿಸಿದವು. ಹೊಸ ಆವೃತ್ತಿ ಪಿಸಿಎಲ್-5ರಲ್ಲಿ 20 ಪ್ರಶ್ನೆ, 0ಯಿಂದ 80, ಸಾಮಾನ್ಯವಾಗಿ ಗೆರೆ 31ರಿಂದ 33. ಎರಡರ ಅಂಕಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲಾಗದು. ಪ್ರಶ್ನಾವಳಿಯ ಫಲಿತಾಂಶ ರೋಗನಿರ್ಣಯವೂ ಅಲ್ಲ. ಲೆಕ್ಕ ಹಾಕಿ ನೋಡಿ: 1,000 ಜನರಲ್ಲಿ ನಿಜಕ್ಕೂ 50 ಮಂದಿಗೆ ತೊಂದರೆ ಇದೆ ಅನ್ನೋಣ. ಪ್ರಶ್ನಾವಳಿ ತೊಂದರೆ ಇರುವವರಲ್ಲಿ ಶೇ 80 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 10 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. 40 ಜತೆಗೆ 95, ಒಟ್ಟು 135. ಅಂದರೆ ಶೇ 5 ಇರುವ ತೊಂದರೆ ಶೇ 13.5 ಅಂತ ಅಚ್ಚಾಗುತ್ತದೆ.

ವಿರುದ್ಧ ದಿಕ್ಕಿನ ತಪ್ಪೂ ಇದೆ. ಹೆಸರು ಬರೆದ ಫಾರ್ಮಿನಲ್ಲಿ ಸೈನಿಕರು ಬಾಯಿ ಬಿಡುವುದಿಲ್ಲ, ಬಡ್ತಿಗೆ ಕುತ್ತು ಎಂಬ ಭಯ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೆಸರಿಲ್ಲದ ಸಮೀಕ್ಷೆಯಲ್ಲಿ ಖಿನ್ನತೆ, ಪಿಟಿಎಸ್‌ಡಿ, ಆತ್ಮಹತ್ಯೆಯ ಯೋಚನೆಗಳನ್ನು ಹೇಳಿಕೊಂಡವರು ಎರಡರಿಂದ ನಾಲ್ಕು ಪಟ್ಟು ಹೆಚ್ಚು.

ಹಾಗಾಗಿ ಕೋಷ್ಟಕದಲ್ಲಿ ಶೇಕಡಾವಾರು ಅಂಕಿಗೆ ಮೊದಲೇ ಈ ಕಾಲಂಗಳಿರಲಿ: ಯಾವ ಪ್ರಶ್ನಾವಳಿ ಮತ್ತು ಅದರ ಆವೃತ್ತಿ, ಗೆರೆ ಎಳೆದ ಅಂಕ, ಕಳೆದ ತಿಂಗಳೋ ಜೀವಮಾನವೋ, ಹೆಸರು ಕೇಳಿದ್ದರೋ ಇಲ್ಲವೋ, ಮರಳಿ ಬಂದು ಎಷ್ಟು ತಿಂಗಳಾಗಿತ್ತು, ಎಷ್ಟು ಮಂದಿ ಉತ್ತರಿಸಿದರು. ಜೊತೆಗೆ ಕಾದಾಟದ ಪಾತ್ರವೋ ಬೆಂಬಲದ ಪಾತ್ರವೋ, ಸೇವೆಯಲ್ಲಿದ್ದಾರೋ ಬಿಟ್ಟಿದ್ದಾರೋ. ಕೊನೆಯ ಎರಡನ್ನು ಮರೆತರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. 2018ರಲ್ಲಿ ಪ್ರಕಟವಾದ ಬ್ರಿಟಿಷ್ ಕೋಹಾರ್ಟ್ ವರದಿಯಲ್ಲಿ ಪಿಟಿಎಸ್‌ಡಿ ಒಟ್ಟಾರೆ ಶೇ 6ರಷ್ಟಿದ್ದದ್ದು, ಕಾದಾಟದ ಪಾತ್ರದಲ್ಲಿದ್ದು ಈಗ ಸೇನೆ ಬಿಟ್ಟವರಲ್ಲಿ ಶೇ 17ಕ್ಕೆ ಏರಿತ್ತು.

ಬಿಳಿಹಾಳೆ:
ಬಹಳ ಉಪಕಾರ. ಆತ್ಮಹತ್ಯೆಯ ಅಧ್ಯಯನಗಳನ್ನೂ ‘ಯುದ್ಧಕ್ಕೆ ಹೋದವರು, ಹೋಗದವರು’ ಅಂತಲೇ ವಿಂಗಡಿಸಲೇ?

ತಾಳೆಪಟ್ಟಿ:
ಅದೊಂದೇ ಸಾಲದು. 2015ರ ಅಮೆರಿಕದ ಅಧ್ಯಯನದಲ್ಲಿ 39 ಲಕ್ಷ ಮಂದಿಯ ದಾಖಲೆ ನೋಡಿದಾಗ ಯುದ್ಧಕ್ಕೆ ಹೋದದ್ದಕ್ಕೂ ಆತ್ಮಹತ್ಯೆಗೂ ನಂಟು ಕಾಣಲಿಲ್ಲ, ಅನುಪಾತ 0.96 (1 ಅಂದರೆ ವ್ಯತ್ಯಾಸವಿಲ್ಲ). ಸೇವೆ ಬಿಟ್ಟವರಲ್ಲಿ ಮಾತ್ರ 1.63. ನಾಲ್ಕು ವರ್ಷಕ್ಕೂ ಮೊದಲೇ ಹೊರಬಿದ್ದವರಲ್ಲಿ ಅಪಾಯ ಇನ್ನೂ ಜಾಸ್ತಿ. ಬ್ರಿಟನ್ನಿನಲ್ಲೂ 1996–2005ರ ನಡುವೆ ಸೇನೆ ಬಿಟ್ಟವರನ್ನು ಗಮನಿಸಿದಾಗ 24 ವರ್ಷದೊಳಗಿನ ಗಂಡಸರಲ್ಲಿ ಅದೇ ವಯಸ್ಸಿನ ಇತರರಿಗಿಂತ ಎರಡು-ಮೂರು ಪಟ್ಟು ಅಪಾಯ ಕಂಡಿತ್ತು. ಸೇನೆಯ ಪಟ್ಟಿಯಿಂದ ಹೆಸರು ಹೋದ ದಿನಕ್ಕೇ ಎಣಿಕೆ ನಿಲ್ಲಿಸುವ ಅಧ್ಯಯನದಲ್ಲಿ ಈ ಹುಡುಗರು ಲೆಕ್ಕಕ್ಕೇ ಬರುವುದಿಲ್ಲ. ರಾಷ್ಟ್ರೀಯ ಮರಣ ದಾಖಲೆಗೆ ಜೋಡಿಸಿದ್ದಾರೆಯೇ ಅಂತ ವಿಧಾನದ ಭಾಗದಲ್ಲಿ ಮೊದಲು ಹುಡುಕಿ.

ಅಳತೆಕೋಲು:
ಚಿಕಿತ್ಸೆ, ನೆರವಿನ ಅಧ್ಯಾಯವಿದ್ದರೆ ಎರಡು ಪ್ರಯೋಗಗಳನ್ನು ಬಿಡಬೇಡಿ. 2017ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗದಲ್ಲಿ ಅಫ್ಘಾನಿಸ್ತಾನದಿಂದ ಮರಳಿದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ತುಕಡಿವಾರು ಹಂಚಿ ಮಾನಸಿಕ ತೊಂದರೆಯ ಸ್ಕ್ರೀನಿಂಗ್ (ಪ್ರಾಥಮಿಕ ತಪಾಸಣೆ) ಮಾಡಿದರು. ತೊಂದರೆಯೂ ಕಡಿಮೆಯಾಗಲಿಲ್ಲ, ನೆರವು ಕೇಳುವವರೂ ಹೆಚ್ಚಲಿಲ್ಲ. ಇನ್ನೊಂದು, ದುಃಸ್ವಪ್ನಕ್ಕೆ ಕೊಡುವ ಪ್ರಜೋಸಿನ್. ಸಣ್ಣ ಪ್ರಯೋಗಗಳಲ್ಲಿ ಗೆದ್ದ ಈ ಔಷಧ 2018ರಲ್ಲಿ ಪ್ರಕಟವಾದ, 304 ಮಾಜಿ ಸೈನಿಕರ ಮೇಲಿನ ಪ್ರಯೋಗದಲ್ಲಿ ಹುಸಿಗುಳಿಗೆಗಿಂತ ಮೇಲೇನೂ ಮಾಡಲಿಲ್ಲ. ಆದರೆ ಆ ಪ್ರಯೋಗಕ್ಕೆ ಆರೋಗ್ಯಸ್ಥಿತಿ ಸ್ಥಿರವಾಗಿದ್ದವರನ್ನೇ ಆರಿಸಿದ್ದರು ಎಂಬ ಆಕ್ಷೇಪವಿದೆ. ಅದನ್ನೂ ಅದೇ ಸಾಲಿನಲ್ಲಿ ಸೇರಿಸಿ.