ಅಪ್ಲೈ ಮಾಡಿದರೆ ಉತ್ತರವೇ ಇಲ್ಲ. ನಿಜವಾಗಿ ಖಾಲಿ ಇರುವ ಕೆಲಸ ಯಾವುದು ಅಂತ ತಿಳಿಯುವುದು ಹೇಗೆ?

ವಿಜಯನಗರ ಅಕೌಂಟ್ಸ್:

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ ಓದಿದವಳು. ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಬಹಳ ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ. ಮಾಲೀಕರಿಗೆ ವಯಸ್ಸಾಯಿತು, ಮಕ್ಕಳಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಲೇತ್‌ಗಳನ್ನೆಲ್ಲ ಮಾರಿ ಬಾಗಿಲು ಹಾಕಿದರು. ನಮಗೆ ಬರಬೇಕಾದ್ದನ್ನೆಲ್ಲ ಕೊಟ್ಟೇ ಕಳಿಸಿದರು, ಅವರ ಮೇಲೆ ನನಗೆ ಏನೂ ಬೇಜಾರಿಲ್ಲ. ಬೇಜಾರು ಶುರುವಾಗಿದ್ದು ಆನ್‌ಲೈನ್‌ನಲ್ಲಿ ಕೆಲಸ ಹುಡುಕಲು ಕೂತ ಮೇಲೆ.

ನನ್ನ ಕೆಲಸ ನನಗೆ ಚೆನ್ನಾಗಿ ಗೊತ್ತು. ತಿಂಗಳು ತಿಂಗಳೂ 7ನೇ ತಾರೀಖಿಗೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿ ಕಟ್ಟುವ ರಿಟರ್ನ್ 3ಬಿ. 50 ಸಾವಿರ ರೂಪಾಯಿ ದಾಟಿದ ಮಾಲು ಗೇಟಿನಿಂದ ಹೊರಡಬೇಕಾದರೆ ಸಾಗಣೆಯ ಆನ್‌ಲೈನ್ ದಾಖಲೆ, ಅಂದರೆ ಇ-ವೇ ಬಿಲ್. ಮಾರ್ಚ್ ಮುಗಿದರೆ ಸ್ಟಾಕ್ ಪಟ್ಟಿ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ಹಾಕಿ ಆಡಿಟರ್‌ಗೆ ಒಪ್ಪಿಸಬೇಕು. ಇಷ್ಟನ್ನೂ ಟ್ಯಾಲಿ ಅನ್ನುವ ಅಕೌಂಟ್ಸ್ ಸಾಫ್ಟ್‌ವೇರ್‌ನಲ್ಲಿ ಒಬ್ಬಳೇ ನಿಭಾಯಿಸಿದ್ದೇನೆ. ಇದು ಎಲ್ಲ ಕಂಪನಿಗೂ ಬೇಕಾದ ಕೆಲಸ, ಅಲ್ವಾ?

ಮೊದಲು ಆ ಫಾರಂಗಳ ಕಥೆ ಕೇಳಿ. ರೆಸ್ಯೂಮೆ ಅಪ್‌ಲೋಡ್ ಮಾಡಿ ಅನ್ನುತ್ತಾರೆ, ಮಾಡುತ್ತೇನೆ. ಮುಂದಿನ ಪುಟದಲ್ಲಿ ಅದೇ ವಿಷಯವನ್ನೆಲ್ಲ ಒಂದೊಂದೇ ಖಾನೆಯಲ್ಲಿ ಮತ್ತೆ ತುಂಬಬೇಕು. ಎಸ್‌ಎಸ್‌ಎಲ್‌ಸಿ ಅಂಕ, ಪಿಯುಸಿ ಅಂಕ, ಸೇರಿದ ತಿಂಗಳು, ಬಿಟ್ಟ ತಿಂಗಳು. ಕೊನೆಯ ಸಂಬಳ ಹಾಕದೆ ಇದ್ದರೆ ಮುಂದಕ್ಕೇ ಬಿಡುವುದಿಲ್ಲ. ಅವರ ಸಂಬಳ ಎಷ್ಟು ಅಂತ ನೋಡಿದರೆ ‘ತಿಳಿಸಿಲ್ಲ’ ಅಂತ ಇರುತ್ತದೆ. ನಾನು ಮಾತ್ರ ಎಲ್ಲ ಬಿಚ್ಚಿಡಬೇಕು!

ಆಮೇಲೆ ಜಾಗ. ‘ಬೆಂಗಳೂರು’ ಅಂತ ಹಾಕಿರುತ್ತಾರೆ. ಫೋನ್‌ನಲ್ಲಿ ಮಾತಾಡಿ ಮುಗಿಯುವ ಹೊತ್ತಿಗೆ ಅದು ದಾಬಸ್‌ಪೇಟೆ, ಇಲ್ಲವೇ ನರಸಾಪುರ. ನರಸಾಪುರ ಕೋಲಾರ ಜಿಲ್ಲೆ ಸ್ವಾಮಿ. ಮನೆಯಲ್ಲಿ ಅತ್ತೆಗೆ ಮಂಡಿ ನೋವು, ಮಗಳು ಏಳನೇ ಕ್ಲಾಸು. ಸಂಜೆ ಏಳರೊಳಗೆ ಮನೆ ಸೇರಬೇಕು ಅಂತ ನಾನು ಮೊದಲೇ ಹೇಳುತ್ತೇನೆ. ‘ಓಕೆ ಮೇಡಂ’ ಅಂದು ಫೋನ್ ಇಡುತ್ತಾರೆ, ಮತ್ತೆ ಸುದ್ದಿ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ನೋಯಿಸುವುದು ಈ ಮೌನ. ಸೈಟ್‌ನಲ್ಲಿ ‘ನಿಮ್ಮ ಅರ್ಜಿ ನೋಡಲಾಗಿದೆ’ ಅಂತ ಬರುತ್ತದೆ. ನೋಡಿದರು, ಸರಿ. ಬೇಡ ಅಂತ ಒಂದು ಸಾಲು ಬರೆಯಲು ಏನು ಕಷ್ಟ? ನಮ್ಮ ಶಾಪ್‌ನಲ್ಲಿ ಯಾರಾದರೂ ಕೊಟೇಶನ್ ಕೇಳಿದರೆ, ನಮ್ಮ ಕೈಲಿ ಆಗದ ಜಾಬ್ ಆಗಿದ್ದರೂ ‘ಈ ಸೈಜ್ ನಮ್ಮಲ್ಲಿ ಆಗುವುದಿಲ್ಲ’ ಅಂತ ಅದೇ ದಿನ ಮೇಲ್ ಹಾಕಬೇಕಿತ್ತು. ಮಾಲೀಕರು ಅದನ್ನು ತಪ್ಪಿಸಲು ಬಿಡುತ್ತಿರಲಿಲ್ಲ. ಕೇಳಿದವರು ಕಾಯುತ್ತಾ ಕೂರಬಾರದು ಅನ್ನುತ್ತಿದ್ದರು.

ಅದೇ ಜಾಹೀರಾತು ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಇದರಲ್ಲಿ ನಿಜವಾಗಿ ಆಳು ಬೇಕಾಗಿರುವುದು ಯಾವುದು, ಸುಮ್ನೆ ಹಾಕಿಟ್ಟಿರುವುದು ಯಾವುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಎಚ್‌ಎಸ್‌ಆರ್ ಮಾಜಿ ರಿಕ್ರೂಟರ್:

ಮೇಡಂ, ನಾನು ಕೆಲವು ವರ್ಷ ಕಂಪನಿಗಳಿಗೆ ಆಳು ಹುಡುಕಿಕೊಡುವ ಒಂದು ಕನ್ಸಲ್ಟೆನ್ಸಿಯಲ್ಲಿ ಆಚೆ ಬದಿ ಕೂತಿದ್ದವನು. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ.

ಒಂದು ಕಂಪನಿ ಒಂದೇ ಹುದ್ದೆಯನ್ನು ಮೂರು ನಾಲ್ಕು ಕನ್ಸಲ್ಟೆನ್ಸಿಗೆ ಕೊಡುತ್ತದೆ. ಯಾರ ಕಡೆಯವರು ಸೇರುತ್ತಾರೋ ಅವರಿಗೆ ಕಮಿಷನ್. ಅದಕ್ಕೇ ಒಂದೇ ಕೆಲಸ ನಿಮಗೆ ಹತ್ತು ಕಡೆ ಕಾಣುವುದು. ಇದರಲ್ಲಿ ಒಂದು ಅಪಾಯ ಇದೆ. ಇಬ್ಬರು ನಿಮ್ಮ ರೆಸ್ಯೂಮೆ ಕಳಿಸಿಬಿಟ್ಟರೆ, ಕಮಿಷನ್ ಯಾರಿಗೆ ಅನ್ನುವ ತಕರಾರು ಬೇಡ ಅಂತ ಕಂಪನಿಯವರು ಎಷ್ಟೋ ಸಲ ನಿಮ್ಮನ್ನೇ ಬಿಟ್ಟುಬಿಡುತ್ತಾರೆ. ಹಾಗಾಗಿ ಯಾರೇ ಫೋನ್ ಮಾಡಲಿ, ‘ಕಂಪನಿ ಹೆಸರು ಹೇಳಿ, ಆಮೇಲೆ ಕಳಿಸಿ’ ಅನ್ನಿ. ಹೇಳದಿದ್ದರೆ ಬೇಡ ಅನ್ನಿ. ಯಾವ ಕಂಪನಿಗೆ ಯಾರ ಮೂಲಕ ಹೋಯಿತು ಅಂತ ಬರೆದಿಟ್ಟುಕೊಳ್ಳಿ. ನೀವು ಲೆಕ್ಕದವರು, ಇದು ನಿಮಗೆ ಕಷ್ಟವಲ್ಲ.

ಸುಮ್ನೆ ಹಾಕಿಟ್ಟ ಜಾಹೀರಾತು ಇದ್ದೇ ಇವೆ. ಮುಂದೆ ಬೇಕಾಗಬಹುದು ಅಂತ ರೆಸ್ಯೂಮೆ ಕೂಡಿಡುತ್ತಾರೆ. ಆಳು ಸಿಕ್ಕಿದ ಮೇಲೂ ತೆಗೆಯುವುದನ್ನು ಮರೆಯುತ್ತಾರೆ. ಗುರುತು ಹಿಡಿಯುವುದು ಹೀಗೆ: ನಿಜವಾಗಿ ಆಳು ಬೇಕಾದವರು ಏರಿಯಾ ಹೆಸರು ಹಾಕಿರುತ್ತಾರೆ, ಯಾವ ಸಾಫ್ಟ್‌ವೇರ್ ಅಂತ ಬರೆದಿರುತ್ತಾರೆ, ಶನಿವಾರ ಕೆಲಸ ಇದೆಯೋ ಇಲ್ಲವೋ ಹೇಳಿರುತ್ತಾರೆ. ‘ಡೈನಾಮಿಕ್ ಅಭ್ಯರ್ಥಿ ಬೇಕು’ ಅಂತ ಮಾತ್ರ ಬರೆದಿದ್ದರೆ ಮುಂದೆ ಹೋಗಿ. ಜಾಹೀರಾತು ಬಂದ ಮೊದಲ ಒಂದೆರಡು ದಿನದಲ್ಲೇ ಅಪ್ಲೈ ಮಾಡಿ. ನಾವು ಬೇಕಾದಷ್ಟು ಜನ ಸಿಕ್ಕ ತಕ್ಷಣ ಓದುವುದನ್ನು ನಿಲ್ಲಿಸುತ್ತಿದ್ದೆವು. ಉಳಿದವು ಯಾರೂ ತೆರೆಯದೆ ಹಾಗೇ ಬಿದ್ದಿರುತ್ತಿದ್ದವು.

ಇನ್ನೊಂದು ಮುಖ್ಯ. ನಾವು ಹುಡುಕುತ್ತಿದ್ದುದು ಪದ ಹಾಕಿ. ‘ಟ್ಯಾಲಿ ಪ್ರೈಮ್’, ‘ಜಿಎಸ್‌ಟಿ ರಿಟರ್ನ್’, ‘ಬ್ಯಾಂಕ್ ರಿಕನ್ಸಿಲಿಯೇಶನ್’. ‘ಅಕೌಂಟ್ಸ್‌ನ ಎಲ್ಲ ಕೆಲಸ’ ಅಂತ ಬರೆದಿದ್ದರೆ ಆ ಹುಡುಕಾಟದಲ್ಲಿ ಸಿಗುವುದೇ ಇಲ್ಲ. ರೆಸ್ಯೂಮೆಯನ್ನು ಎರಡು ಕಾಲಂ, ಟೇಬಲ್ ಅಂತ ಚಂದ ಮಾಡಿಸಿದರೂ ತೊಂದರೆ. ನಮ್ಮ ಸಾಫ್ಟ್‌ವೇರ್ ಎಡಗಡೆಯ ಸಾಲಿಗೆ ಬಲಗಡೆಯ ಸಾಲು ಸೇರಿಸಿ ಓದುತ್ತಿತ್ತು. ಒಬ್ಬರ ಹಳೇ ಕಂಪನಿ ಹೆಸರಿನ ಜಾಗದಲ್ಲಿ ‘ಕನ್ನಡ, ಹಿಂದಿ, ಇಂಗ್ಲಿಷ್’ ಅಂತ ಬಂದಿತ್ತು. ಪರೀಕ್ಷೆ ಮಾಡಬೇಕಾದರೆ ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಅಲ್ಲಿ ಸಾಲುಗಳು ಕಲಸಿಹೋಗಿದ್ದರೆ ಅವರಿಗೂ ಬಹುಪಾಲು ಹಾಗೇ ಕಾಣುತ್ತದೆ.

ಬಿಟಿಎಂ ಪಿಜಿ:

ಅಕ್ಕ, ನಾನು ಡಿಪ್ಲೊಮಾ ಮುಗಿಸಿ ಹಾಸನದಿಂದ ಬಂದವನು. ‘ಫ್ರೆಶರ್’ ಅಂತ ಹಾಕಿ ಕೆಳಗೆ ‘2 ವರ್ಷ ಅನುಭವ’ ಕೇಳುತ್ತಾರೆ. ಅನುಭವ ಇರುವ ನಿಮಗೂ ಹೀಗೇ ಅಂದರೆ ಭಯ ಆಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಪಿಜಿಯ ಹುಡುಗನಿಗೆ ವಾಟ್ಸಾಪ್‌ನಲ್ಲಿ ‘ಪಾರ್ಟ್ ಟೈಮ್ ಕೆಲಸ, ಹೋಟೆಲ್‌ಗಳಿಗೆ ರೇಟಿಂಗ್ ಕೊಡಿ’ ಅಂತ ಬಂತು. ಟೆಲಿಗ್ರಾಂ ಗುಂಪಿಗೆ ಸೇರಿಸಿದರು. ಮೊದಲು ಅವರೇ ಸ್ವಲ್ಪ ದುಡ್ಡು ಹಾಕಿದರು, ಅದಕ್ಕೆ ನಂಬಿದ. ಆಮೇಲೆ ದೊಡ್ಡ ಟಾಸ್ಕ್‌ಗೆ ಮುಂಗಡ ಕಟ್ಟು ಅಂದರು. ಕಟ್ಟಿದ. ತೆಗೆಯಲು ಹೋದರೆ ಟ್ಯಾಕ್ಸ್ ಕಟ್ಟು ಅಂದರು. ಊರಿಂದ ಅಮ್ಮ ಕಳಿಸಿದ್ದ ದುಡ್ಡೂ ಹೋಯಿತು. ಇಂಥದ್ದಾದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದಷ್ಟೂ ಆ ದುಡ್ಡನ್ನು ಬ್ಯಾಂಕ್‌ನಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಇವನು ನಾಚಿಕೆಯಿಂದ ಯಾರಿಗೂ ಹೇಳದೆ ಕೂತಿದ್ದ. ಮೋಸ ಹೋದವರು ನಾಚಿಕೆ ಪಡಬೇಡಿ ಅಂತ ಇಲ್ಲಿ ಓದುವ ಎಲ್ಲರಿಗೂ ಕೇಳಿಕೊಳ್ಳುತ್ತೇನೆ.

ವಿಜಯನಗರ ಅಕೌಂಟ್ಸ್:

ತಮ್ಮಾ, ನಿಮ್ಮ ಸ್ನೇಹಿತನ ಕಥೆ ಓದಿ ಹೊಟ್ಟೆ ಉರಿಯಿತು. ನನಗೂ ಒಂದು ಕಡೆಯಿಂದ ‘ಆಫರ್ ಲೆಟರ್ ರೆಡಿ ಇದೆ, ಲ್ಯಾಪ್‌ಟಾಪ್ ಡೆಪಾಸಿಟ್ ಕಟ್ಟಿ’ ಅಂತ ಬಂದಿತ್ತು. ಕೆಲಸ ಕೊಡುವವರು ನಮಗೆ ದುಡ್ಡು ಕೊಡಬೇಕು, ನಾವು ಅವರಿಗಲ್ಲ ಅಂತ ಹೇಳಿ ನಂಬರ್ ಬ್ಲಾಕ್ ಮಾಡಿದೆ.

ಆಮೇಲೆ ನನಗೆ ಒಂದು ಉಪಾಯ ಹೊಳೆಯಿತು, ಎಲ್ಲರಿಗೂ ಉಪಯೋಗ ಆಗಬಹುದು. ಹೊಸ ವೆಂಡರ್ ಬಂದರೆ ನಾವು ಮೊದಲು ಮಾಡುವ ಕೆಲಸ ಏನು? ಜಿಎಸ್‌ಟಿ ಪೋರ್ಟಲ್‌ಗೆ ಹೋಗಿ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಅವರ ಜಿಎಸ್‌ಟಿ ನಂಬರ್ ಹಾಕಿ ನೋಡುವುದು. ಅದಕ್ಕೆ ಲಾಗಿನ್ ಕೂಡ ಬೇಡ. ಕಂಪನಿಯ ಕಾಯ್ದೆಬದ್ಧ ಹೆಸರು, ನೋಂದಣಿ ಆದ ದಿನ, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಬರುತ್ತದೆ. ಕರ್ನಾಟಕದ ನಂಬರ್ 29ರಿಂದ ಶುರುವಾಗುತ್ತದೆ. ಕೆಳಗೆ ರಿಟರ್ನ್ ಫೈಲ್ ಮಾಡಿದ ದಿನಾಂಕಗಳ ಪಟ್ಟಿಯೂ ಇರುತ್ತದೆ. ಮೊನ್ನೆ ಒಂದು ಜಾಹೀರಾತಿನ ಕಂಪನಿಯನ್ನು ಹೀಗೇ ನೋಡಿದೆ. ‘ವೇಗವಾಗಿ ಬೆಳೆಯುತ್ತಿರುವ ಸಂಸ್ಥೆ’ ಅಂತ ಬರೆದುಕೊಂಡಿದ್ದರು, ನೋಂದಣಿ ಮಾತ್ರ ರದ್ದಾಗಿತ್ತು! ಅಲ್ಲಿಗೆ ಹೋಗುವ ಬಸ್ ಚಾರ್ಜು, ಅರ್ಧ ದಿನ ಎರಡೂ ಉಳಿಯಿತು.

ಎಚ್‌ಎಸ್‌ಆರ್ ಸರ್, ನೀವು ಹೇಳಿದ ಹಾಗೆ ರೆಸ್ಯೂಮೆಯಲ್ಲಿ ಪ್ರತಿ ರಿಟರ್ನ್‌ನ ಹೆಸರನ್ನೂ ಬಿಡಿಸಿ ಬರೆಯುತ್ತೇನೆ. ಆದರೆ ಉತ್ತರ ಕೊಡದೆ ಇರುವುದರ ಬಗ್ಗೆ ನೀವು ಏನೂ ಹೇಳಲಿಲ್ಲ.

ಎಚ್‌ಎಸ್‌ಆರ್ ಮಾಜಿ ರಿಕ್ರೂಟರ್:

ಹೇಳುತ್ತೇನೆ ಮೇಡಂ. ನಮಗೆ ಟಾರ್ಗೆಟ್ ಇದ್ದದ್ದು ಸೇರಿಸಿದವರ ಲೆಕ್ಕದ ಮೇಲೆ. ಬೇಡ ಅಂದವರಿಗೆ ತಿಳಿಸುವುದು ಯಾರ ಕೆಲಸವೂ ಆಗಿರಲಿಲ್ಲ, ಆ ಕೆಲಸಕ್ಕೆ ಯಾರೂ ಸಮಯ ಕೊಡುತ್ತಿರಲಿಲ್ಲ. ಎಷ್ಟೋ ಸಲ ಕಂಪನಿಯವರೇ ನಮಗೂ ಉತ್ತರ ಕೊಡುತ್ತಿರಲಿಲ್ಲ. ಇದು ಸರಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಮಾಲೀಕರ ನಿಯಮವೇ ಸರಿ. ಇಂಟರ್ವ್ಯೂವರೆಗೆ ಹೋಗಿ ಬಂದವರಿಗಾದರೂ ಉತ್ತರ ಕೊಡಲೇಬೇಕು. ನೀವು ವಾರ ಬಿಟ್ಟು ಒಂದು ಮೇಲ್ ಹಾಕಿ ಕೇಳಿ. ಅದಕ್ಕೂ ಸುಮ್ಮನಿದ್ದರೆ ಆ ಸಾಲು ಹೊಡೆದುಹಾಕಿ, ಕಾಯಬೇಡಿ.

ಇನ್ನೊಂದು ಕೇಳಬೇಕಿತ್ತು. ಕಂಪನಿ ಮುಚ್ಚಿದೆ ಅಂದಿರಿ. ಪಿಎಫ್‌ನಲ್ಲಿ ನಿಮ್ಮ ಎಕ್ಸಿಟ್ ದಿನಾಂಕ, ಅಂದರೆ ಕೆಲಸ ಬಿಟ್ಟ ದಿನ ಹಾಕಿದ್ದಾರಾ? ಹಾಕದಿದ್ದರೆ ಹೊಸ ಕಡೆ ತೊಡಕಾಗುತ್ತದೆ.

ವಿಜಯನಗರ ಅಕೌಂಟ್ಸ್:

ಬಾಗಿಲು ಹಾಕುವ ಮುಂಚೆ ಎಲ್ಲರದ್ದನ್ನೂ ನಾನೇ ಹಾಕಿ ಮುಗಿಸಿದೆ ಸರ್. ನನ್ನದು ಕೊನೆಯಲ್ಲಿ. ಬೇರೆಯವರಿಗೆ ಹೇಳುವುದಾದರೆ: ಕಂಪನಿಯವರು ಹಾಕದೆ ಹೋದರೆ, ಕೊನೆಯ ಪಿಎಫ್ ಕಟ್ಟಿ ಎರಡು ತಿಂಗಳಾದ ಮೇಲೆ ಪಿಎಫ್ ಸೈಟ್‌ನಲ್ಲಿ ನಮ್ಮ ಯುಎಎನ್ (ಪಿಎಫ್ ಸದಸ್ಯರ ನಂಬರ್) ಲಾಗಿನ್‌ನಲ್ಲಿ ‘ಮಾರ್ಕ್ ಎಕ್ಸಿಟ್’ ಅಂತ ಇದೆ, ಆಧಾರ್ ಒಟಿಪಿ ಕೊಟ್ಟು ನಾವೇ ಹಾಕಿಕೊಳ್ಳಬಹುದು. ಹಳೇ ಆಫೀಸಿನ ಫೋನ್ ಎತ್ತುವವರು ಯಾರೂ ಇಲ್ಲದಿದ್ದಾಗ, ಅಲ್ಲೇ ಇರುವ ಸರ್ವೀಸ್ ಹಿಸ್ಟರಿ ಪುಟವನ್ನು ಅನುಭವಕ್ಕೆ ಆಧಾರವಾಗಿ ತೋರಿಸಬಹುದು.

ಮಲ್ಲೇಶ್ವರ ಆಡಿಟ್ ಆಫೀಸ್:

ಇಷ್ಟೆಲ್ಲ ಗೊತ್ತಿರುವವರನ್ನು ಸೈಟ್‌ಗಳು ಹುಡುಕಿ ಕೊಡುತ್ತಿಲ್ಲ ಅನ್ನುವುದೇ ಬೇಸರದ ಸಂಗತಿ. ಮೇಡಂ, ಸೈಟ್ ಬಿಡಿ ಅಂತ ಹೇಳುವುದಿಲ್ಲ. ಆದರೆ ನಿಮ್ಮ ಥರದ ಕೆಲಸದಲ್ಲಿ ಬಹಳಷ್ಟು ಜಾಗ ಸೈಟ್‌ಗೆ ಬರುವುದೇ ಇಲ್ಲ. ಸಣ್ಣ ಫ್ಯಾಕ್ಟರಿಯ ಅಕೌಂಟೆಂಟ್ ಕೆಲಸ ಬಿಟ್ಟರೆ ಮಾಲೀಕರು ಮೊದಲು ಫೋನ್ ಮಾಡುವುದು ತಮ್ಮ ಆಡಿಟರ್‌ಗೆ. ‘ಸಾರ್, ನಂಬಿಕೆಯವರು ಯಾರಾದರೂ ಇದ್ದರೆ ಹೇಳಿ’ ಅಂತ. ನಮ್ಮ ಆಫೀಸಿಗೂ ಇಂಥ ಫೋನ್ ಬರುತ್ತಲೇ ಇರುತ್ತವೆ.

ನಿಮ್ಮ ಹಳೇ ಕಂಪನಿಯ ಪುಸ್ತಕ ನೋಡುತ್ತಿದ್ದ ಆಡಿಟರ್ ಹತ್ತಿರ ಹೋಗಿ. ನಿಮ್ಮ ಲೆಡ್ಜರ್ ಎಷ್ಟು ಚೊಕ್ಕವಾಗಿತ್ತು ಅಂತ ಅವರಿಗೆ ಗೊತ್ತು, ಬೇರೆ ಯಾರ ಶಿಫಾರಸೂ ಬೇಕಾಗಿಲ್ಲ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಕಚೇರಿಯೂ ನಿಮ್ಮ ವಿಜಯನಗರದಲ್ಲೇ ಇದೆ. ಅಲ್ಲಿ ನಡೆಯುವ ಕಾರ್ಯಕ್ರಮಗಳಿಗೆ ಫ್ಯಾಕ್ಟರಿ ಮಾಲೀಕರು ಬರುತ್ತಾರೆ. ಯಾವುದಾದರೂ ಒಂದಕ್ಕೆ ಹೋಗಿ ಮಾತಾಡಿಸಿ ನೋಡಿ.

ವಿಜಯನಗರ ಅಕೌಂಟ್ಸ್:

ಆಡಿಟರ್ ನೆನಪೇ ಬಂದಿರಲಿಲ್ಲ ಸರ್, ತುಂಬಾ ಥ್ಯಾಂಕ್ಸ್. ರಾಜಾಜಿನಗರದಲ್ಲೇ ಅವರ ಆಫೀಸು. ಮೊದಲು ಫೋನ್ ಮಾಡಲಾ, ನೇರ ಹೋಗಿಬಿಡಲಾ?

ಮಲ್ಲೇಶ್ವರ ಆಡಿಟ್ ಆಫೀಸ್:

ನೇರ ಹೋಗಿ. ಆದರೆ ಸೆಪ್ಟೆಂಬರ್ ಕೊನೆಯ ವಾರ ಬೇಡ, ಟ್ಯಾಕ್ಸ್ ಆಡಿಟ್ ಗಡುವಿನ ಗಲಾಟೆಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ಹನ್ನೊಂದು ಗಂಟೆ ಹೊತ್ತಿಗೆ ಹೋದರೆ ಸಿಗುತ್ತಾರೆ. ಎಷ್ಟು ಸಂಬಳಕ್ಕೆ ಒಪ್ಪುತ್ತೀರಿ, ಯಾವ ಏರಿಯಾವರೆಗೆ ಓಡಾಡಬಲ್ಲಿರಿ ಅಂತ ಅವರಿಗೆ ಸ್ಪಷ್ಟವಾಗಿ ಹೇಳಿಬಿಡಿ. ಸಂಜೆ ಏಳರ ವಿಷಯವನ್ನೂ ಮುಚ್ಚಿಡಬೇಡಿ. ರೆಸ್ಯೂಮೆ ಎರಡು ಪ್ರತಿ ಕೊಡಿ, ಒಂದು ಅವರಿಗೆ, ಒಂದು ಅವರ ಆಫೀಸಿನ ಸೀನಿಯರ್ ಅಸಿಸ್ಟೆಂಟ್‌ಗೆ. ಕ್ಲೈಂಟ್‌ಗಳ ಫೋನ್ ಎತ್ತುವುದು ಅವರೇ.