ಫೈರ್‌ವಾಲ್ ರೂಲ್‌ಗೆ ಪೈಥಾನ್ ಲೈಬ್ರರಿ ಸಾಕಾ, ಟೆರಾಫಾರ್ಮೇ ಬೇಕಾ? ಅನುಭವ ಇದ್ದೋರು ಹೇಳಿ

ಹೆಬ್ಬಾಳ್_ಹುಡುಗ: ಮೈಸೂರು ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾಲ್ಕು ಜನರ ಆಫೀಸು. ಗೂಗಲ್ ಕ್ಲೌಡ್‌ನಲ್ಲಿ ಮೂರು ಪ್ರಾಜೆಕ್ಟ್, 40ರ ಆಸುಪಾಸು ಫೈರ್‌ವಾಲ್ ರೂಲ್, ಅಂದ್ರೆ ಯಾವ ಐಪಿ ಒಳಗೆ ಬರಬಹುದು ಅನ್ನೋ ನಿಯಮ. ಇಲ್ಲಿತನಕ ಕನ್ಸೋಲ್‌ನಲ್ಲೇ ಕ್ಲಿಕ್ ಮಾಡ್ಕೊಂಡು ಬಂದ್ವಿ. ಮನೆಯಿಂದ ಕೆಲಸ ಮಾಡೋ ಇಬ್ಬರ ಐಪಿ ದಿನಾ ಬದಲಾಗುತ್ತೆ, ಬೆಳಿಗ್ಗೆ ಎದ್ದರೆ "ಅಣ್ಣ, 22 ಓಪನ್ ಮಾಡು" ಅಂತ ಫೋನು (22 ಅಂದ್ರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗೋ ಎಸ್‌ಎಸ್‌ಎಚ್ ಪೋರ್ಟು). ಗೂಗಲ್‌ನ ಪೈಥಾನ್ ಕ್ಲೈಂಟ್ ಲೈಬ್ರರಿ ಹಿಡಿದು ಸ್ಕ್ರಿಪ್ಟ್ ಬರೀಲಾ, ಬೇಕಾದ್ದನ್ನ ಫೈಲಲ್ಲಿ ಬರೆದಿಟ್ಟರೆ ಕ್ಲೌಡನ್ನ ಹಾಗೇ ಮಾಡೋ ಟೆರಾಫಾರ್ಮ್ ಕಲೀಲಾ?

ಕುವೆಂಪುನಗರ_ಕೆ: ಸ್ಕ್ರಿಪ್ಟೇ ಬರೀರಿ. ಎರಡು ವರ್ಷದಿಂದ ನಂದು ಅದರಲ್ಲೇ ಬದುಕು. ಒಂದೇ ಸಲ ಪೆಟ್ಟು ತಿಂದಿದ್ದು, ಅದೂ ನನ್ನದೇ ತಪ್ಪು. ಬೆಲ್ಲ ಮಾರೋ ಪಾರ್ಟಿ ಸೈಟು, ಸಂಕ್ರಾಂತಿಗೆ ಎರಡು ದಿನ. ಬೇಡದ ರೂಲ್ ಎಲ್ಲ ಗುಡಿಸಿಬಿಡೋಣ ಅಂತ ಒಂದು ಲೂಪ್ ಬರೆದೆ. 130.211.0.0/22, 35.191.0.0/16 ಅಂತ ಎರಡು ರೇಂಜ್ ಇದ್ವು. ಕೆಲಸ ಬಿಟ್ಟು ಹೋದೋನು ಯಾರೋ ಹಾಕಿದ್ದಿರಬೇಕು ಅಂತ ಅಳಿಸಿದೆ. ಅದು ಸೈಟಿಗೆ ಬರೋರನ್ನ ಸರ್ವರ್‌ಗಳಿಗೆ ಹಂಚೋ ಲೋಡ್ ಬ್ಯಾಲೆನ್ಸರ್, ಸರ್ವರ್ ಬದುಕಿದೆಯಾ ಅಂತ ನೋಡೋ ಹೆಲ್ತ್ ಚೆಕ್ ಬರೋ ದಾರಿ ರೀ! ಸರ್ವರ್‌ಗಳು ಗುಂಡುಕಲ್ಲಿನ ಹಾಗೆ ಇವೆ, ಬ್ಯಾಲೆನ್ಸರ್ ಲೆಕ್ಕದಲ್ಲಿ ಎಲ್ಲ ಸತ್ತಿವೆ. ಸೈಟ್ ತುಂಬಾ 502 ಎರರ್. ಗಾಬರಿಯಲ್ಲಿ ರೂಲ್ ವಾಪಸ್ ಇನ್ಸರ್ಟ್ ಮಾಡಿದೆ, ನನ್ನ ಪ್ರಿಂಟ್ ಲೈನು "ಆಯ್ತು" ಅಂತು. ಆಗಿರಲೇ ಇಲ್ಲ. ಆ ಕರೆ ಕೈಗೆ ಕೊಡೋದು ಬರೀ ಆಪರೇಶನ್ನು, ಅಂದ್ರೆ ಕೆಲಸ ಶುರುವಾಯ್ತು ಅನ್ನೋ ಚೀಟಿ. ಅದರ ರಿಸಲ್ಟ್ ಕೇಳಿ ಕಾಯಬೇಕು, ಎಡವಟ್ಟಾಗಿದ್ರೆ ಗೊತ್ತಾಗೋದು ಅಲ್ಲಿ. ನಾನು ಕಾಯಲಿಲ್ಲ. 47 ನಿಮಿಷ. ಪಾರ್ಟಿ ಫೋನು 19 ಸಲ. ಆ ತಿಂಗಳ ಬಿಲ್‌ನಲ್ಲಿ 15,000 ಮುರ್ಕೊಂಡ್ರು, ಎಳ್ಳು-ಬೆಲ್ಲವೂ ಕಳಿಸಲಿಲ್ಲ.

ಗುತ್ತಲು_ಗೌಡ: ಸಂಕ್ರಾಂತಿಲಿ ಬೆಲ್ಲದೋನ ಅಂಗಡಿ ಬಾಗಿಲು ಹಾಕ್ಸಿ "ಒಂದೇ ಸಲ ಪೆಟ್ಟು" ಅಂತೀರಲ್ಲ ಸಾ, ಭಂಡ ಧೈರ್ಯ ನಿಮ್ಮದು. ಟೆರಾಫಾರ್ಮ್ ಪ್ಲ್ಯಾನ್ ಓಡಿಸಿದ್ರೆ ಏನೇನು ಅಳಿಯುತ್ತೆ ಅಂತ ಮೊದಲೇ ಕೆಂಪಗೆ ಕಾಣೋದು. ಮೂರು ವರ್ಷದಿಂದ ಅದೇ ನಂದು. ನಷ್ಟ ಆಗಿದ್ದು ಟೆರಾಫಾರ್ಮಿಂದ ಅಲ್ಲ, ಎಳನೀರಿಂದ. ಕ್ಲೌಡಲ್ಲಿ ತಾನು ಏನೇನು ಮಾಡಿದೆ ಅಂತ ಟೆರಾಫಾರ್ಮ್ ಲೆಕ್ಕ ಇಡೋ ಸ್ಟೇಟ್ ಫೈಲು ಲ್ಯಾಪ್‌ಟಾಪಲ್ಲೇ ಇಟ್ಟಿದ್ದೆ. ಮದ್ದೂರಲ್ಲಿ ಕಾರ್ ನಿಲ್ಸಿ ಎಳನೀರು ತಗೊಂಡೆ, ಸೀಟ್ ಮೇಲೆ ಲ್ಯಾಪ್‌ಟಾಪ್, ಬುರುಡೆ ಮಗುಚ್ತು. ಡಿಸ್ಕು ಓಯ್ತು. ಡೇಟಾ ತೆಗೆಯೋ ಅಂಗಡಿಯೋನು 8,500 ಇಸ್ಕಂಡು "ಆಗಲ್ಲ ಸಾರ್" ಅಂದ. 63 ರೂಲ್, ಒಂದೊಂದಾಗಿ ಇಂಪೋರ್ಟ್, ಮೂರು ರಾತ್ರಿ. ಈಗ ಸ್ಟೇಟ್ ಕ್ಲೌಡ್ ಬಕೆಟ್‌ನಲ್ಲಿ, ಹಳೇ ಪ್ರತಿನೂ ಉಳಿಸೋ ವರ್ಷನಿಂಗ್ ಆನ್. ನೆಮ್ಮದಿ.

ಕುವೆಂಪುನಗರ_ಕೆ: ಎಳನೀರಿಗೆ ಸಾಯೋ ಪದ್ಧತಿ ಹಿಡ್ಕೊಂಡು ನನಗೆ ಬುದ್ಧಿ ಹೇಳ್ತೀರಾ? ನನ್ನ ಸ್ಕ್ರಿಪ್ಟ್‌ಗೆ ಸ್ಟೇಟೇ ಇಲ್ಲ. ಏನಿದೆ ಅಂತ ಕ್ಲೌಡನ್ನೇ ಕೇಳುತ್ತೆ.

ಗುತ್ತಲು_ಗೌಡ: ಕೇಳುತ್ತೆ, ಕೇಳಿ ಅಳಿಸುತ್ತೆ.

ಸರಸ್ವತಿಪುರಂ_ಎಸ್: ನಾನು ಅಮೆಜಾನ್ ಕ್ಲೌಡ್ ಕಡೆಯವಳು, ಅದರ ಪೈಥಾನ್ ಲೈಬ್ರರಿ ಬೋಟೊ3. ದಿನಾ ಬದಲಾಗೋ ಐಪಿ ಕಥೆ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಇಬ್ಬರು ಹುಡುಗರಿಗೆ ಅಂತಲೇ ಒಂದು ಸೆಕ್ಯುರಿಟಿ ಗ್ರೂಪ್ (ಅಮೆಜಾನ್‌ನಲ್ಲಿ ಫೈರ್‌ವಾಲ್ ರೂಲ್‌ಗಳ ಗುಂಪು), ದಿನಾ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತಾನೇ ಓಡೋ ಕ್ರಾನ್‌ನಿಂದ ಎರಡು ಹೊಸ ರೂಲ್. ಹಳೇದನ್ನ ತೆಗೆಯೋ ಸಾಲು "ಆಮೇಲೆ ಬರೀತೀನಿ" ಅಂತ ಬಿಟ್ಟಿದ್ದೆ. ಒಂದು ಗ್ರೂಪಿಗೆ ಒಳಬರೋ ರೂಲ್ ಡೀಫಾಲ್ಟಾಗಿ 60. ಮೂವತ್ತು ದಿನ ಸುಖ. ಮೂವತ್ತೊಂದನೇ ಬೆಳಿಗ್ಗೆ ನಾನು ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ನಿಂತಿದ್ದೀನಿ, ಚನ್ನಪಟ್ಟಣ ದಾಟಿದೆ, ಇಬ್ಬರೂ ಫೋನ್ ಮಾಡಿ ಒಳಗೆ ಹೋಗೋಕಾಗ್ತಿಲ್ಲ ಅಂತಾರೆ. ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ಮೊಬೈಲು, ಹೆಬ್ಬೆರಳಲ್ಲಿ ಹಳೇ ರೂಲ್ ಒಂದೊಂದೇ ಅಳಿಸ್ತಾ ಕೆಂಗೇರಿ ತನಕ ಹೋದೆ. ಇನ್ನೂ ಕೇಳಿ. ಹಿಂದಿನ ವಾರ ಕೆಲಸ ಬಿಟ್ಟಿದ್ದ ಹುಡುಗನ ರೂಲೂ ಅಳಿಸಿದೆ, ಅವನ ಎಸ್‌ಎಸ್‌ಎಚ್ ಸೆಷನ್ ಮಾತ್ರ ಆರಾಮಾಗಿ ನಡೀತಾನೇ ಇತ್ತು! ಆಗಲೇ ಶುರುವಾದ ಕನೆಕ್ಷನ್ನು ರೂಲ್ ತೆಗೆದ ತಕ್ಷಣ ಕಡಿಯಲ್ಲ, ಅದನ್ನ ಕಲಿತಿದ್ದು ಅವತ್ತು.

ಹೂಟಗಳ್ಳಿ_7: ಮೇಡಂ, ಕೇಳಿರೋದು ಗೂಗಲ್ ಬಗ್ಗೆ.

ಸರಸ್ವತಿಪುರಂ_ಎಸ್: ಕಷ್ಟ ಒಂದೇ ಅಲ್ವೇನ್ರಿ? ಓದೋಕೆ ಇಷ್ಟ ಇಲ್ಲದಿದ್ರೆ ದಾಟಿಕೊಂಡು ಹೋಗಿ.

ಹೂಟಗಳ್ಳಿ_7: ಸರಿ, ಗೂಗಲ್ ಲೆಕ್ಕ ನಾನು ಕೊಡ್ತೀನಿ. ಕ್ಲೌಡ್ ಆರ್ಮರ್, ಅಂದ್ರೆ ವೆಬ್‌ಸೈಟ್ ಮುಂದೆ ನಿಲ್ಲೋ ಗೂಗಲ್‌ನ ಫೈರ್‌ವಾಲು, ಸ್ಟ್ಯಾಂಡರ್ಡ್ ದರ್ಜೆ. ಪಾಲಿಸಿಗೆ ತಿಂಗಳಿಗೆ 5 ಡಾಲರ್, ಪ್ರತಿ ರೂಲ್‌ಗೆ 1 ಡಾಲರ್. ಪಾರ್ಟಿಯ 140 ಶಾಖೆಗಳ ಐಪಿ ಬಿಡಬೇಕಿತ್ತು. ಲೈಬ್ರರಿಯಲ್ಲಿ ಲೂಪ್ ಹಾಕಿ ಐಪಿಗೊಂದು ರೂಲ್ ಮಾಡಿದೆ, ಎಷ್ಟು ಸಲೀಸು ಅಂತ ಬೀಗಿದೆ. ಒಂದು ರೂಲ್‌ನಲ್ಲಿ 10 ರೇಂಜ್ ಹಿಡಿಸುತ್ತೆ ಸ್ವಾಮಿ! 14 ರೂಲ್‌ನಲ್ಲಿ ಮುಗೀತಿತ್ತು. 19 ಡಾಲರ್ ಆಗೋ ಕಡೆ 145. ಡಾಲರ್‌ಗೆ 85ರಂತೆ ತಿಂಗಳಿಗೆ 10,710 ಜಾಸ್ತಿ, ಮೂರು ತಿಂಗಳು ಯಾರೂ ಬಿಲ್ ನೋಡಲಿಲ್ಲ, 32,130. ಜಿಎಸ್‌ಟಿ 18 ಸೇರಿಸಿ 37,913. ಅದರಲ್ಲಿ ಅರ್ಧ ನನ್ನ ಸಂಬಳದಿಂದ.

ಕುವೆಂಪುನಗರ_ಕೆ: ಇದು ಲೈಬ್ರರಿ ತಪ್ಪಲ್ಲ, ಓದದೆ ಬರೆದಿದ್ದು.

ಹೂಟಗಳ್ಳಿ_7: ಹೆಲ್ತ್ ಚೆಕ್ ರೇಂಜ್ ಅಳಿಸಿದೋರು ಓದೋದರ ಬಗ್ಗೆ ಮಾತಾಡಬಾರದು. ಗೌಡ್ರೇ, ನೀವೂ ಕೇಳಿ. 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್ ಲೈಸೆನ್ಸ್ ಓಪನ್ ಸೋರ್ಸ್‌ನಿಂದ ಬದಲಾಯ್ತಲ್ಲ, ನಾನು ಅದರದ್ದೇ ಓಪನ್ ಸೋರ್ಸ್ ಕವಲು ಓಪನ್‌ಟೋಫುಗೆ ಬಂದೆ.

ಗುತ್ತಲು_ಗೌಡ: ಟೋಫು ಅಂತೆ. ಮುದ್ದೆ ಅಂತ ಯಾರಾರ ಇಟ್ಟರೆ ಆಗ ಹೇಳಿ, ಬತ್ತೀನಿ. ನಮ್ಮಂಥ ಸಣ್ಣೋರಿಗೆ ಆ ಲೈಸೆನ್ಸಿಂದ ಏನು ಕಳ್ಕಂಡಂಗಾಯ್ತು?

ಹೂಟಗಳ್ಳಿ_7: ಇವತ್ತು ಏನಿಲ್ಲ. ನಾಳೆ ಇನ್ನೊಂದು ಸಲ ಬದಲಾಯಿಸಿದ್ರೆ?

ಗುತ್ತಲು_ಗೌಡ: ನಾಳೆ ಕನ್ನಂಬಾಡಿ ಕಟ್ಟೆ ಒಡೆದ್ರೆ ಅಂತ ನಾವು ಇವತ್ತೇ ಕಬ್ಬು ಕಿತ್ತಾಕ್ತೀವಾ?

ಹೆಬ್ಬಾಳ್_ಹುಡುಗ: ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಲೈಬ್ರರಿ ಹಾಕಿ ಕೂತೆ. ಪ್ರೋಟೋಕಾಲ್ ಫೀಲ್ಡಿನ ಹೆಸರು ಐ, ಅಂಡರ್‌ಸ್ಕೋರ್, ಪಿ, ಅಂಡರ್‌ಸ್ಕೋರ್, ಪ್ರೋಟೋಕಾಲ್. ಅದರಲ್ಲಿ ಐ ಮಾತ್ರ ದೊಡ್ಡಕ್ಷರ. ಅಷ್ಟಕ್ಕೇ ಮುಕ್ಕಾಲು ಗಂಟೆ. ಆಮೇಲೆ ಇರೋ ರೂಲನ್ನ ತಿದ್ದೋ ಪ್ಯಾಚ್‌ನಲ್ಲಿ ಹೊಸ ಐಪಿ ಒಂದನ್ನೇ ಕೊಟ್ಟೆ, ಸೋರ್ಸ್ ರೇಂಜ್ ಪಟ್ಟಿ ಇಡಿಯಾಗಿ ಬದಲಾಗಿ ಇನ್ನೊಬ್ಬ ಹೊರಗೆ ಬಿದ್ದ. ಅವನು ಫೋನ್ ಮಾಡಿದ್ದು ಹನ್ನೊಂದೂವರೆಗೆ.

ಯಾದವಗಿರಿ_ಎನ್: ಆ ಇಬ್ಬರಿಗಾಗಿ ಐಪಿ ಹಿಂದೆ ಯಾಕೆ ಓಡ್ತೀರಪ್ಪ? ಐಎಪಿ (ಗೂಗಲ್‌ನ ಐಡೆಂಟಿಟಿ-ಅವೇರ್ ಪ್ರಾಕ್ಸಿ) ಟನೆಲ್ ಹಾಕಿ. 22ಕ್ಕೆ ಒಂದೇ ರೂಲ್, ಸೋರ್ಸ್ 35.235.240.0/20. ಯಾರು ಬರಬಹುದು ಅನ್ನೋದು ಅವರ ಅಕೌಂಟ್ ಮೇಲೆ ತೀರ್ಮಾನ ಆಗುತ್ತೆ, ಮನೆ ಐಪಿ ಮೇಲಲ್ಲ.

ಕುವೆಂಪುನಗರ_ಕೆ: ಆ ಒಂದು ರೂಲನ್ನೂ ಸ್ಕ್ರಿಪ್ಟ್‌ನಲ್ಲೇ ಹಾಕಿ.

ಗುತ್ತಲು_ಗೌಡ: ಹಾಕಿ, ಪ್ರಿಂಟ್ ಲೈನು ಆಯ್ತು ಅನ್ನುತ್ತೆ.

ಹೆಬ್ಬಾಳ್_ಹುಡುಗ: ಯಾದವಗಿರಿ ಸಾರ್, ಹಾಕಿದೆ, ಇಬ್ಬರೂ ಒಳಗೆ ಬಂದ್ರು. ಇವತ್ತು ಬೆಳಿಗ್ಗೆ ಫೋನ್ ಬರಲಿಲ್ಲ.

ಯಾದವಗಿರಿ_ಎನ್: ನಿಮ್ಮದು ಡೀಫಾಲ್ಟ್ ನೆಟ್‌ವರ್ಕೇ ಆಗಿದ್ರೆ ಅದರ ಜೊತೆ ಬಂದಿರೋ ಎಸ್‌ಎಸ್‌ಎಚ್ ರೂಲ್ ನೋಡಿ, ಪ್ರಯಾರಿಟಿ 65534. ಸೋರ್ಸ್ 0.0.0.0/0. ಅದು ಇರೋ ತನಕ 22ನೇ ಪೋರ್ಟು ಊರಿಗೆಲ್ಲ ತೆರೆದೇ ಇರುತ್ತೆ, ಅಳಿಸಿದ್ದೀರಾ?

ಹೆಬ್ಬಾಳ್_ಹುಡುಗ: ಎರಡು ಪ್ರಾಜೆಕ್ಟ್‌ನಲ್ಲಿ ಇಲ್ಲ. ಮೂರನೇದರಲ್ಲಿ ಇದೆ. ಒಂದು ನಿಮಿಷ ಸಾರ್.